ವಿಶಲ್ ಇಲ್ಲದ ಆಟ

ತೀರ್ಥಹಳ್ಳಿ ಕಡೆಯ ಒಂದು ಶಾಲಾ ಮೈದಾನ. ಭಾನುವಾರ ಬೆಳಿಗ್ಗೆ. ಡಿಸ್ಕ್ ಹಿಡಿಯಲು ಹಾರಿದ ಹುಡುಗಿಯ ಕೈಗೆ ಎದುರಾಳಿ ಹುಡುಗನ ಕೈ ಬಡಿಯಿತು. ಡಿಸ್ಕ್ ನೆಲಕ್ಕೆ ಬಿತ್ತು. ಹತ್ತೂ ಮಕ್ಕಳು ತಿರುಗಿ ನನ್ನ ಮುಖ ನೋಡಿದರು.

'ಮೇಡಮ್, ಯಾರಿಗೆ?'

ನಾನು ಬೆನ್ನು ತಿರುಗಿಸಿ ನಿಂತೆ.

ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಕಬಡ್ಡಿ, ಖೋಖೋ, ವಾಲಿಬಾಲ್ ಅಂತ ಇಷ್ಟು ವರ್ಷ ಕುತ್ತಿಗೆಗೆ ವಿಶಲ್ ಹಾಕಿಕೊಂಡೇ ಕೆಲಸ ಮಾಡಿದವಳು. ಆದರೆ ಡಿಸ್ಕ್ ಅನ್ನುವ ಹಾರುವ ತಟ್ಟೆಯನ್ನು ತಂಡದವರು ಒಬ್ಬರಿಗೊಬ್ಬರು ಎಸೆದು ಆಡುವ ಈ ಅಲ್ಟಿಮೇಟ್ ಫ್ರಿಸ್ಬಿಯಲ್ಲಿ ಅಂಪೈರ್ ಇರುವುದಿಲ್ಲ. ವಿಶ್ವ ಮಟ್ಟದ ಪಂದ್ಯದಲ್ಲೂ ಫೌಲ್ ಆಯಿತೋ ಇಲ್ಲವೋ ಅಂತ ತೀರ್ಮಾನ ಮಾಡುವವರು ಆಟಗಾರರೇ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ಹುಡುಗರು ಶುರು ಮಾಡಿದ ಆಟ ಇದು. ಇದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ 2015ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ಸಿಕ್ಕಿತು. ಆದರೂ ವಿಶಲ್ ಮಾತ್ರ ಬಂದಿಲ್ಲ.

ನಮ್ಮೂರಲ್ಲೂ ಇದನ್ನು ಶುರು ಮಾಡಬೇಕು ಅನ್ನುವ ಶಿಕ್ಷಕರು, ಯುವಕ ಸಂಘದವರು ಮೊದಲು ಕೇಳುವುದು ಎಸೆತ ಕಲಿಸುವುದು ಹೇಗೆ ಅಂತ. ಅದು ಅಷ್ಟೇನೂ ಕಷ್ಟವಲ್ಲ. ಜಾತ್ರೆಯಲ್ಲಿ ಸಿಗುವ ಹಗುರ ಪ್ಲಾಸ್ಟಿಕ್ ತಟ್ಟೆ ಬೇಡ, ಗಾಳಿಗೆ ಎಲ್ಲೋ ಹೋಗುತ್ತದೆ. ಆಟದ ಡಿಸ್ಕ್ 175 ಗ್ರಾಂ ತೂಗುತ್ತದೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಮಕ್ಕಳು ಭುಜದ ಬಲ ಹಾಕುತ್ತಾರೆ, ಅಲ್ಲೇ ಕೆಡುವುದು. ಡಿಸ್ಕನ್ನು ನೆಟ್ಟಗೆ ಹಾರಿಸುವುದು ಅದರ ತಿರುಗುವಿಕೆ. ಅದು ಬರುವುದು ಮಣಿಕಟ್ಟಿನಿಂದ. 'ಒದ್ದೆ ಬಟ್ಟೆ ಕೊಡವುತ್ತೀರಲ್ಲ, ಹಾಗೆ' ಅಂದರೆ ನಮ್ಮ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಹಿಡಿಯುವಾಗ ಒಂದು ಅಂಗೈ ಮೇಲೆ, ಒಂದು ಕೆಳಗೆ, ನಡುವೆ ಡಿಸ್ಕ್ ಬಂದಾಗ ಚಪ್ಪಾಳೆ. ನಾಲ್ಕು ಭಾನುವಾರದಲ್ಲಿ ಇಷ್ಟು ಬರುತ್ತದೆ.

ಜಾಗದ ಚಿಂತೆಯೂ ಬೇಡ. ನಿಯಮದ ಪ್ರಕಾರ ಮೈದಾನ 100 ಮೀಟರ್ ಉದ್ದ, 37 ಮೀಟರ್ ಅಗಲ ಇರಬೇಕು, ಒಂದೊಂದು ಕಡೆ ಏಳು ಜನ. ಎರಡೂ ತುದಿಯಲ್ಲಿ 18 ಮೀಟರಿನ ಪಟ್ಟಿ ಇರುತ್ತದೆ. ನಮ್ಮ ತಂಡದವರು ಎಸೆದ ಡಿಸ್ಕನ್ನು ಎದುರಾಳಿ ಕಡೆಯ ಪಟ್ಟಿಯೊಳಗೆ ಹಿಡಿದರೆ ಪಾಯಿಂಟ್. ಅಷ್ಟು ಸಮತಟ್ಟು ಜಾಗ ಮಲೆನಾಡಿನಲ್ಲಿ ಎಲ್ಲಿಂದ ತರುವುದು? ನಾವು ಐದೈದು ಜನ ಇಟ್ಟುಕೊಂಡು ಅರ್ಧ ಮೈದಾನದಲ್ಲಿ ಆಡುತ್ತೇವೆ. ಗೆರೆಗೆ ಅಡಿಕೆ ಸೋಗೆ, ಮೂಲೆಗೆ ಒಂದೊಂದು ಅಡಿಕೆ ಹಾಳೆ. ಕೊಯ್ಲು ಮುಗಿದ ಗದ್ದೆ ಇನ್ನೂ ಒಳ್ಳೆಯದು, ಆದರೆ ಕೂಳೆ ಕಾಲಿಗೆ ಚುಚ್ಚದ ಹಾಗೆ ಮೊದಲು ಸವರಿಸಿಕೊಳ್ಳಬೇಕು.

ಕಷ್ಟ ಇರುವುದು ಬಾಯಿ ಬಿಡಿಸುವುದರಲ್ಲಿ. ನಮ್ಮ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ದೊಡ್ಡವರ ಎದುರು ಸುಮ್ನೆ ಇರುವುದನ್ನೇ ಕಲಿಸಿದ್ದೇವೆ, ಅಲ್ವಾ? ಅಂಥ ಮಗು ಆಟ ನಿಲ್ಲಿಸಿ 'ಫೌಲ್' ಅಂತ ಕೂಗಬೇಕು. ಕೂಗಿದ ಮೇಲೆ ಎದುರಿನವನ ಕಣ್ಣು ನೋಡಿ ಏನಾಯಿತು ಅಂತ ಹೇಳಬೇಕು. ಎಷ್ಟೋ ಮಕ್ಕಳಿಗೆ ನೂರು ಮೀಟರ್ ಓಡುವುದು ಇದಕ್ಕಿಂತ ಸುಲಭ.

ನಾನು ಇದನ್ನು ಎಣಿಕೆಯಿಂದ ಶುರು ಮಾಡುತ್ತೇನೆ. ಈ ಆಟದಲ್ಲಿ ಡಿಸ್ಕ್ ಕೈಯಲ್ಲಿದ್ದವರು ಓಡುವ ಹಾಗಿಲ್ಲ. ಅವರ ಎದುರು ನಿಂತವರು ಜೋರಾಗಿ ಎಣಿಸುತ್ತಾರೆ. ಹತ್ತು ಅನ್ನುವುದಕ್ಕೆ ಮುಂಚೆ ಡಿಸ್ಕ್ ಕೈ ಬಿಡಬೇಕು, ಇಲ್ಲದಿದ್ದರೆ ಅದು ಎದುರು ತಂಡಕ್ಕೆ. ನಾವು ಕನ್ನಡದಲ್ಲೇ ಎಣಿಸುತ್ತೇವೆ. ಮನೆಯಲ್ಲೂ ತರಗತಿಯಲ್ಲೂ ಮಾತಾಡದ ಒಬ್ಬ ಹುಡುಗಿ ಮೊದಲ ವಾರ ಎಣಿಸಿದ್ದು ಪಕ್ಕದಲ್ಲಿದ್ದವರಿಗೂ ಕೇಳಲಿಲ್ಲ. ಮೂರನೇ ವಾರ ಅವಳ 'ಒಂಬತ್ತು' ರಸ್ತೆಗೆ ಕೇಳುತ್ತಿತ್ತು. ಮಾತು ತಾನೇ ಹುಡುಕಿಕೊಳ್ಳಬೇಕಿಲ್ಲ, ನಿಯಮವೇ ಕೊಟ್ಟಿರುತ್ತದೆ. ಹೀಗೆ ಗಂಟಲು ಬಿಟ್ಟ ಮೇಲೆ ಫೌಲ್ ಕೂಗಲು ಧೈರ್ಯ ಬರುತ್ತದೆ.

ಆಮೇಲೆ ಜಗಳದ ಪಾಠ. ಇದನ್ನು ಮಳೆಗಾಲದಲ್ಲಿ ಶಾಲೆಯ ಜಗುಲಿಯ ಮೇಲೆ ಮಾಡಿಸುತ್ತೇನೆ. ಆಗ ಡಿಸ್ಕ್ ಕೈಯಿಂದ ಜಾರುತ್ತದೆ, ಮೈದಾನದ ಹುಲ್ಲಲ್ಲಿ ಉಂಬಳ ಬೇರೆ. ಇಬ್ಬರನ್ನು ನಿಲ್ಲಿಸಿ ಒಂದು ಘಟನೆ ಕೊಡುತ್ತೇನೆ. ಕೈ ತಾಗಿ ಡಿಸ್ಕ್ ಬಿತ್ತು, ಈಗ ಮಾತಾಡಿ. ಎದುರಿನವನು ಒಪ್ಪಿದರೆ, ಡಿಸ್ಕ್ ಹಿಡಿಯಲು ಹೋದವಳಿಗೆ ಅಲ್ಲೇ ಸಿಗುತ್ತದೆ. ಒಪ್ಪದಿದ್ದರೆ 'ಕಂಟೆಸ್ಟ್' ಅನ್ನುತ್ತಾನೆ. ಆಗ ಡಿಸ್ಕ್ ಎಸೆದವರ ಕೈಗೆ ವಾಪಸ್, ಮತ್ತೆ ಆಟ. ಯಾರು ಸುಳ್ಳುಗಾರ ಅಂತ ತೀರ್ಮಾನ ಆಗಬೇಕಾಗಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಒಪ್ಪಂದ ಆಗದೆಯೂ ಇಬ್ಬರು ಒಟ್ಟಿಗೆ ಆಟ ಮುಂದುವರಿಸಬಹುದು ಅನ್ನುವುದನ್ನು ಹತ್ತು ವರ್ಷದ ಮಗು ಇಲ್ಲಿ ಮೈಯಲ್ಲೇ ಕಲಿಯುತ್ತದೆ.

ಆ ಭಾನುವಾರ ನಾನು ಬೆನ್ನು ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರದ್ದೂ ಸದ್ದಿಲ್ಲ. ಆಮೇಲೆ ಹುಡುಗಿಯ ದನಿ, 'ಕೈಗೆ ಹೊಡೆದೆ.' ಹುಡುಗ, 'ಡಿಸ್ಕಿಗೆ ಹೊಡೆದದ್ದು ಮಾರಾಯ್ತಿ.' ಇನ್ನೊಮ್ಮೆ ಮೌನ. ಕೊನೆಗೆ ಅವನೇ ಅಂದ, 'ಮೊದಲು ಕೈಗೇ ತಾಗ್ತು. ತಗೋ.' ನಾನು ತಿರುಗಿ ನೋಡುವಷ್ಟರಲ್ಲಿ ಆಟ ಶುರುವಾಗಿತ್ತು. ನನಗೆ ಗಂಟಲು ಕಟ್ಟಿತು.

ಹುಡುಗ ಹುಡುಗಿಯರನ್ನು ಒಟ್ಟಿಗೆ ಆಡಿಸುವಾಗ ಕೆಲವರು, ಹುಡುಗಿ ಪಾಯಿಂಟ್ ಮಾಡಿದರೆ ಎರಡು ಅಂತ ಲೆಕ್ಕ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ನಾನು ಮಾಡುವುದಿಲ್ಲ. ನಿನ್ನ ಕೈಲಾಗುವುದು ಅಪರೂಪ ಅಂತ ಅವಳಿಗೆ ಹೇಳಿದ ಹಾಗಾಗುತ್ತದೆ. ಬದಲಿಗೆ ಗುಂಪು ಚಿಕ್ಕದು ಮಾಡಿ. ಏಳು ಜನರ ಆಟದಲ್ಲಿ ಹುಡುಗಿಯರನ್ನು ಮರೆತು ಹುಡುಗರೇ ಎಸೆದುಕೊಳ್ಳಬಹುದು. ನಾಲ್ಕು ಜನ ಇದ್ದರೆ ಎಲ್ಲರ ಕೈಗೂ ಡಿಸ್ಕ್ ಬರಲೇಬೇಕು.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿ ಸುತ್ತ ನಿಲ್ಲುತ್ತಾರೆ. ಎದುರು ತಂಡಕ್ಕೆ ಅಂಕ ಕೊಡುತ್ತಾರೆ. ಇದಕ್ಕೆ 'ಸ್ಪಿರಿಟ್' ಅಂಕ ಅಂತ ಹೆಸರು. ನಿಯಮ ಗೊತ್ತಿತ್ತಾ, ಮೈಗೆ ಮೈ ತಾಗಿಸದೆ ಆಡಿದರಾ, ನ್ಯಾಯವಾಗಿ ನಡೆದುಕೊಂಡರಾ, ಸಿಟ್ಟು ಹಿಡಿತದಲ್ಲಿತ್ತಾ, ಸರಿಯಾಗಿ ಮಾತಾಡಿದರಾ ಅಂತ ಐದು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಮಕ್ಕಳು ಮೊದಲು ಗೆಳೆಯರಿಗೆಲ್ಲ ನಾಲ್ಕು ಕೊಡುತ್ತಾರೆ, ಸೋತವರು ಸಿಟ್ಟಲ್ಲಿ ಸೊನ್ನೆ. ಎರಡು ಅಂದರೆ 'ಚೆನ್ನಾಗಿ ಆಡಿದಿರಿ' ಅಂತ ಅರ್ಥ, ಅಂತ ಮತ್ತೆ ಮತ್ತೆ ಹೇಳಬೇಕು. ಹೀಗೆ ಸುತ್ತ ನಿಲ್ಲಲು ಹೊತ್ತಿಲ್ಲ ಅಂತ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಆಟವನ್ನೇ ಐದು ನಿಮಿಷ ಕಡಿಮೆ ಮಾಡಿ.

ಇದರಿಂದ ಏನು ಸಿಗುತ್ತದೆ, ಸರ್ಟಿಫಿಕೇಟಾ, ಕೋಟಾನಾ ಅಂತ ಅಪ್ಪಂದಿರು ಕೇಳುತ್ತಾರೆ. ಅಂಥ ಭರವಸೆ ನಾನು ಕೊಡುವುದಿಲ್ಲ. ಒಂದು ಭಾನುವಾರ ಬಂದು ನೋಡಿ ಅನ್ನುತ್ತೇನೆ. ಅಮ್ಮಂದಿರು ಬಂದರೆ ಅವರ ಕೈಗೂ ಡಿಸ್ಕ್ ಕೊಡುತ್ತೇನೆ.

ಇನ್ನು ವೇಳೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮನೆಮನೆಯಲ್ಲೂ ಸುಲಿಯುವ ಕೆಲಸ, ಮಕ್ಕಳು ಬರುವುದು ಕಡಿಮೆ. ಬಯ್ಯಬೇಡಿ, ಮೂರೇ ಜನ ಬಂದರೂ ಎಸೆತ ಆಡಿಸಿ. ದೂರದ ಮನೆಗಳ ಮಕ್ಕಳಿಗೆ ಬಸ್ಸು ಮುಖ್ಯ. ನಮ್ಮಲ್ಲಿ ಹನ್ನೊಂದೂ ಕಾಲಿನ ಬಸ್ಸು ತಪ್ಪಿದರೆ ಮಧ್ಯಾಹ್ನದವರೆಗೆ ಇನ್ನೊಂದಿಲ್ಲ. ಅದಕ್ಕೆ ಹತ್ತೂವರೆಗೆ ಆಟ ನಿಲ್ಲಿಸಿ ಸುತ್ತ ನಿಲ್ಲುತ್ತೇವೆ.