ವೆನಿಸ್ ತೋಟದಲ್ಲಿ ಯಾರಿಗೆ ಸ್ವಂತ ಮನೆ, ಯಾರಿಗೆ ಬಾಡಿಗೆ ಮನೆ

ಇಟಲಿಯ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ 2019ರಲ್ಲಿ ಒಂದು ಕಲಾಕೃತಿಗೆ ಕನ್ನಡದ ಹೆಸರಿತ್ತು: ‘ನಾವು’. ಗೋಡೆ ತುಂಬ ಮರದ ಪಾದುಕೆಗಳು, ನೂರಾರು. ಮಾಡಿದವರು ಸಿಂದಗಿಯಲ್ಲಿ ಹುಟ್ಟಿದ ಜಿ.ಆರ್. ಈರಣ್ಣ. ಗಾಂಧೀಜಿಯ 150ನೇ ಜಯಂತಿಗಾಗಿ ಭಾರತ ಏರ್ಪಡಿಸಿದ್ದ ಆ ಪ್ರದರ್ಶನದಲ್ಲಿ, ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲ್ ಬೋಸ್ ಬರೆದ ಚಿತ್ರಗಳೂ ಇದ್ದವು.

ಇಷ್ಟೆಲ್ಲ ನಡೆದದ್ದು ಬಾಡಿಗೆ ಜಾಗದಲ್ಲಿ. ಬಿನಾಲೆಯ ಮೂಲ ಜಾಗವಾದ ಜಾರ್ದೀನಿ ತೋಟದಲ್ಲಿ ಸುಮಾರು 30 ಕಟ್ಟಡಗಳಿವೆ. ಅವುಗಳಿಗೆ ಪೆವಿಲಿಯನ್ ಅನ್ನುತ್ತಾರೆ. ಬೆಲ್ಜಿಯಂಗೆ ಒಂದಿದೆ, ಹಂಗೆರಿಗೆ ಒಂದಿದೆ, ಡೆನ್ಮಾರ್ಕಿಗೆ ಒಂದಿದೆ. ಭಾರತಕ್ಕೆ ಇಲ್ಲ. ಯಾಕೆ ಹೀಗೆ ಅಂತ ಕೇಳಿದರೆ, 130 ವರ್ಷ ಹಿಂದಕ್ಕೆ ಹೋಗಬೇಕು.

ಬಿನಾಲೆ ಅಂದರೆ ಇಟಾಲಿಯನ್ ಭಾಷೆಯಲ್ಲಿ ‘ಎರಡು ವರ್ಷಕ್ಕೊಮ್ಮೆ’ ಎಂದಷ್ಟೇ ಅರ್ಥ. ಇಟಲಿಯ ರಾಜ ಉಂಬೆರ್ತೊ ದಂಪತಿಯ ಮದುವೆಯ ಬೆಳ್ಳಿಹಬ್ಬದ ನೆನಪಿಗೆ ಕಲಾ ಪ್ರದರ್ಶನ ಮಾಡೋಣ ಎಂದು ವೆನಿಸ್ ನಗರಸಭೆ 1893ರಲ್ಲಿ ತೀರ್ಮಾನಿಸಿತು. ಮುಂದೆ ನಿಂತವರು ಮೇಯರ್ ರಿಕಾರ್ಡೊ ಸೆಲ್ವಾತಿಕೊ. 1895ರ ಏಪ್ರಿಲ್ 30ಕ್ಕೆ ಬಾಗಿಲು ತೆರೆಯಿತು. ಮೊದಲ ವರ್ಷವೇ ಗಲಾಟೆ. ಶವಪೆಟ್ಟಿಗೆಯ ಸುತ್ತ ಬೆತ್ತಲೆ ಹೆಂಗಸರಿದ್ದ ಜಾಕೊಮೊ ಗ್ರೊಸ್ಸೊ ಅವರ ಚಿತ್ರವನ್ನು ಇಡಬೇಡಿ ಎಂದು ವೆನಿಸ್‌ನ ಧರ್ಮಗುರು ಜುಸೆಪ್ಪೆ ಸಾರ್ತೊ ಹಟ ಹಿಡಿದರು. ಮುಂದೆ ಹತ್ತನೇ ಪಯಸ್ ಹೆಸರಿನಲ್ಲಿ ಪೋಪ್ ಆದವರು ಇವರೇ. ಆಯೋಜಕರು ಚಿತ್ರವನ್ನು ತೆಗೆಯಲಿಲ್ಲ, ಬೇರೆ ಕೋಣೆಯಲ್ಲಿಟ್ಟರು. ಜನ ಮುಗಿಬಿದ್ದು ನೋಡಿದರು. ಕೊನೆಗೆ ಜನರ ಮತದಿಂದ ಕೊಡುವ ಬಹುಮಾನವೂ ಅದಕ್ಕೇ ಬಂತು. ಆ ವರ್ಷ ಬಂದವರು 2 ಲಕ್ಷಕ್ಕೂ ಜಾಸ್ತಿ.

ಪ್ರದರ್ಶನ ಬೆಳೆಯಿತು, ಜಾಗ ಸಾಲದಾಯಿತು. ಹೊಸ ಕಟ್ಟಡದ ಖರ್ಚನ್ನೆಲ್ಲ ನಗರವೇ ಹೊರುವುದು ಕಷ್ಟ. ಆಗ ಹೊಳೆದ ಉಪಾಯ: ಜಾಗ ಕೊಡುತ್ತೇವೆ, ನಿಮ್ಮ ಮನೆ ನೀವೇ ಕಟ್ಟಿಕೊಳ್ಳಿ, ನೀವೇ ನಡೆಸಿಕೊಳ್ಳಿ. 1907ರಲ್ಲಿ ಬೆಲ್ಜಿಯಂ ಮೊದಲು ಕಟ್ಟಿತು. 1909ರಲ್ಲಿ ಹಂಗೆರಿ, ಜರ್ಮನಿ, ಬ್ರಿಟನ್ ಬಂದವು. ಬ್ರಿಟನ್‌ಗೆ ಸಿಕ್ಕಿದ್ದು ಹಳೆಯ ಕೆಫೆ ಕಟ್ಟಡ, ಅದನ್ನೇ ಸರಿಮಾಡಿಕೊಂಡರು. 1912ರಲ್ಲಿ ಫ್ರಾನ್ಸ್, 1914ರಲ್ಲಿ ರಷ್ಯಾ. ಆಗ ನಾವು ಬ್ರಿಟಿಷರ ಕೈಯಲ್ಲಿದ್ದೆವು. ನಮ್ಮ ಹೆಸರಿನಲ್ಲಿ ಸೈಟು ಕೇಳುವವರು ಯಾರು? ಆಫ್ರಿಕಾದ ಪಾಡೂ ಅದೇ. ಇಡೀ ಖಂಡದಿಂದ ಈ ತೋಟದಲ್ಲಿ ಮನೆ ಇರುವುದು ಈಜಿಪ್ಟ್‌ಗೆ ಮಾತ್ರ.

ಹಾಗಾಗಿ ಈ ತೋಟದಲ್ಲಿ ನಡೆದರೆ ಇಪ್ಪತ್ತನೇ ಶತಮಾನದ ನಕಾಶೆಯ ಮೇಲೆ ನಡೆದ ಹಾಗೆ. ಸೆರ್ಬಿಯಾದ ಪೆವಿಲಿಯನ್ ಮುಂದೆ ನಿಂತು ತಲೆಯೆತ್ತಿ ನೋಡಿ. ಗೋಡೆಯ ಮೇಲೆ ಇವತ್ತಿಗೂ ‘ಯುಗೊಸ್ಲಾವಿಯಾ’ ಅಂತಲೇ ಇದೆ. ದೇಶ ಹೋಯಿತು, ಅಕ್ಷರ ಉಳಿಯಿತು. ಚೆಕ್ ಮತ್ತು ಸ್ಲೊವಾಕ್ ದೇಶಗಳು ಬೇರೆಯಾಗಿ ಮೂವತ್ತು ವರ್ಷ ದಾಟಿದರೂ ತೋಟದಲ್ಲಿ ಇಬ್ಬರಿಗೂ ಒಂದೇ ಮನೆ.

ನನ್ನನ್ನು ತುಂಬ ಕಾಡುವುದು ಜರ್ಮನಿಯ ಕಟ್ಟಡ. 1938ರಲ್ಲಿ ನಾಜಿಗಳು ಅದನ್ನು ತಮಗೆ ಬೇಕಾದಂತೆ ಬದಲಿಸಿದರು. ಎತ್ತರದ ಚೌಕ ಕಂಬಗಳು, ಒಳಗೆ ಅಮೃತಶಿಲೆಯ ನೆಲ. 1993ರಲ್ಲಿ ಹಾನ್ಸ್ ಹಾಕೆ ಎಂಬ ಕಲಾವಿದ ಆ ನೆಲವನ್ನೇ ಒಡೆದುಹಾಕಿದರು. ಬಾಗಿಲಲ್ಲಿ 1934ರ ಬಿನಾಲೆಗೆ ಬಂದಿದ್ದ ಹಿಟ್ಲರನ ಫೋಟೊ. ಒಳಗೆ ಹೋದರೆ ಬರೀ ಒಡೆದ ಚಪ್ಪಡಿಗಳು. ನೋಡಲು ಬಂದವರು ಅವುಗಳ ಮೇಲೇ ಕಾಲಿಡಬೇಕು. ಕಾಲಡಿ ಕಲ್ಲು ಅಲುಗಾಡುತ್ತದೆ, ಸದ್ದು ಇಡೀ ಹಾಲ್‌ನಲ್ಲಿ ಮೊಳಗುತ್ತದೆ. ಗೋಡೆಯ ಮೇಲೆ ಒಂದೇ ಪದ: ‘ಗೆರ್ಮಾನಿಯಾ’, ಅಂದರೆ ಜರ್ಮನಿ. ಆ ಸಲ ಅತ್ಯುತ್ತಮ ಪೆವಿಲಿಯನ್‌ಗೆ ಕೊಡುವ ಗೋಲ್ಡನ್ ಲಯನ್ ಅದಕ್ಕೇ ಬಂತು. ಸ್ವಂತ ಮನೆ ಅಂದರೆ ಇಂಥ ಸಾಧ್ಯತೆಯೂ ಹೌದು. ತನ್ನ ಮನೆಯ ನೆಲವನ್ನು ತಾನೇ ಅಗೆದು ಲೆಕ್ಕ ಒಪ್ಪಿಸಬಹುದು.

1995ರಲ್ಲಿ ದಕ್ಷಿಣ ಕೊರಿಯಾ ಕಟ್ಟಿದ ಮೇಲೆ ಜಾರ್ದೀನಿ ಹೆಚ್ಚುಕಡಿಮೆ ಭರ್ತಿ. ಆಮೇಲೆ ಬಂದ ದೇಶಗಳು ಊರಿನ ಹಳೆಯ ಅರಮನೆಗಳಲ್ಲೋ ಆರ್ಸೆನಾಲೆಯಲ್ಲೋ ಜಾಗ ಹಿಡಿಯುತ್ತವೆ. ಬಾಡಿಗೆ ಜಾಗದಲ್ಲಿ ಒಂದು ದೇಶ ಮಾಡುವ ಪ್ರದರ್ಶನಕ್ಕೂ ಪೆವಿಲಿಯನ್ ಅಂತಲೇ ಅನ್ನುತ್ತಾರೆ. ಆರ್ಸೆನಾಲೆ ಅಂದರೆ ವೆನಿಸ್ ಗಣರಾಜ್ಯದ ಹಳೆಯ ಹಡಗುಕಟ್ಟೆ. ಅಲ್ಲಿ ಹಡಗಿಗೆ ಹಗ್ಗ ಹೊಸೆಯುತ್ತಿದ್ದ ಒಂದು ಕಟ್ಟಡವೇ 300 ಮೀಟರಿಗಿಂತ ಉದ್ದ ಇದೆ. ಬಾಡಿಗೆ, ಸಾಗಣೆ, ಇನ್ಶೂರೆನ್ಸ್, ಆರು ತಿಂಗಳ ಕಾವಲು ಎಲ್ಲ ಆಯಾ ದೇಶದ್ದೇ ಖರ್ಚು. ಒಂದು ಸಲ ಬಂದು ಮುಂದಿನ ಸಲ ಬರದೇ ಇರುವ ದೇಶಗಳು ಇರುವುದಕ್ಕೆ ಇದೂ ಒಂದು ಕಾರಣ.

ಭಾರತದ ಕಥೆಯೂ ಹೀಗೇ ಬಿಟ್ಟು ಬಿಟ್ಟು ಸಾಗಿದೆ. 1954ರಲ್ಲೂ 1982ರಲ್ಲೂ ನಮ್ಮ ಕೃತಿಗಳು ಹೋಗಿದ್ದವು. ರಂಜಿತ್ ಹೊಸ್ಕೋಟೆ ಅವರ ಉಸ್ತುವಾರಿಯಲ್ಲಿ ಭಾರತದ ಹೆಸರಿನ ಪೆವಿಲಿಯನ್ ಬಂದದ್ದು 2011ರಲ್ಲಿ. ಆಮೇಲೆ 2019. 2022 ಮತ್ತು 2024ರಲ್ಲಿ ಇಲ್ಲ. ಮೈದಾನಕ್ಕೆ ಒಂದು ವರ್ಷ ಇಳಿದು ಮುಂದಿನೆರಡು ವರ್ಷ ಮನೆಯಲ್ಲಿ ಕೂತರೆ ತಂಡ ಕಟ್ಟೋದು ಹೇಗೆ? ಇದು ನನ್ನ ನಿಜವಾದ ಬೇಸರ.

ಆದರೆ ಬಿನಾಲೆಗೆ ಇನ್ನೊಂದು ಬಾಗಿಲಿದೆ. ಪ್ರತಿ ಸಲ ಒಬ್ಬ ಕ್ಯುರೇಟರ್, ಅಂದರೆ ಪ್ರದರ್ಶನವನ್ನು ರೂಪಿಸುವವರು, ಮುಖ್ಯ ಪ್ರದರ್ಶನಕ್ಕೆ ನೇರವಾಗಿ ಕಲಾವಿದರನ್ನು ಆರಿಸುತ್ತಾರೆ. ಆ ಬಾಗಿಲಿಂದಲೇ 2009ರಲ್ಲಿ ಬೆಂಗಳೂರಿನ ಶೀಲಾ ಗೌಡ ಒಳಹೊಕ್ಕರು. ನಮ್ಮಲ್ಲಿ ಗಾಡಿಯ ಬಂಪರ್‌ಗೆ ದೃಷ್ಟಿ ತಾಕದಿರಲಿ ಎಂದು ಕೂದಲಿನ ಹುರಿ ಕಟ್ಟುತ್ತಾರಲ್ವಾ, ಅದೇ ಅವರ ವಸ್ತು. ದೇವಸ್ಥಾನದಲ್ಲಿ ಮುಡಿ ಕೊಟ್ಟವರ ಕೂದಲಿನಿಂದ ಹೊಸೆದ ಹುರಿ, ಸುಮಾರು 4 ಸಾವಿರ ಮೀಟರ್. ಹಾಗೇ ಇಳಿಬಿದ್ದು ನೆಲದ ಮೇಲೆ ಸುರುಳಿಯಾಗಿ ಬಿದ್ದಿರುತ್ತದೆ. ನಡುವೆ ಅಲ್ಲಲ್ಲಿ ಹೊಳೆಯುವ ಸ್ಟೀಲ್ ಬಂಪರ್‌ಗಳು, ಆ ಹುರಿಯಲ್ಲೇ ತೂಗುತ್ತಿರುತ್ತವೆ. ಅಷ್ಟು ತೆಳುವಾದ ಹುರಿ ಅಷ್ಟು ಭಾರ ಹೊತ್ತಿದೆ. ಎಲ್ಲೆಲ್ಲಿಂದಲೋ ಬಂದ ಎಷ್ಟು ಜನರ ಹರಕೆ ಅದರಲ್ಲಿ ಸೇರಿದೆಯೋ. 2024ರಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರಿರುವ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ ತಂಡ ಕೂಡ ಇದೇ ಬಾಗಿಲಿಂದ ಹೋಗಿ ದೊಡ್ಡ ಗೋಡೆಚಿತ್ರ ಬರೆಯಿತು.

ಹೋಗುವವರಿಗೆ ಒಂದು ಮಾತು. ಕೋವಿಡ್ ನಂತರ ಕಲೆಯ ಬಿನಾಲೆ ಸಮಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತಿದೆ, ವಾಸ್ತುಶಿಲ್ಪದ್ದು ಬೆಸ ವರ್ಷಗಳಲ್ಲಿ. ಜಾರ್ದೀನಿ ಮತ್ತು ಆರ್ಸೆನಾಲೆಗೆ ಟಿಕೆಟ್ ಇದೆ. ಊರೊಳಗೆ ಅರಮನೆಗಳಲ್ಲಿರುವ ಹೆಚ್ಚಿನ ದೇಶಗಳ ಪ್ರದರ್ಶನಕ್ಕೆ ಸುಮ್ನೆ ಒಳಗೆ ಹೋಗಬಹುದು. ಎರಡು ದಿನ ಇಟ್ಟುಕೊಳ್ಳಿ. ಜಾರ್ದೀನಿಯಲ್ಲಿ ನಾರ್ಡಿಕ್ ದೇಶಗಳ (ನಾರ್ವೆ, ಸ್ವೀಡನ್, ಫಿನ್ಲೆಂಡ್) ಪೆವಿಲಿಯನ್ ತಪ್ಪಿಸಬೇಡಿ. 1962ರಲ್ಲಿ ಸ್ವೆರೆ ಫೆನ್ ಅದನ್ನು ಕಟ್ಟುವಾಗ ಮರ ಕಡಿಯದೆ ಚಾವಣಿಯಲ್ಲೇ ದಾರಿ ಬಿಟ್ಟರು.

2026ರ ಬಿನಾಲೆಯ ಅವಧಿ ಮೇ 9ರಿಂದ ನವೆಂಬರ್ 22. ಅದಕ್ಕೆ ಭಾರತ ಮತ್ತೆ ಪೆವಿಲಿಯನ್ ಘೋಷಿಸಿತು. ಆರಿಸಿದ ಐವರು ಕಲಾವಿದರಲ್ಲಿ ನಮ್ಮ ರಂಜನಿ ಶೆಟ್ಟರ್ ಒಬ್ಬರು. ಪ್ರದರ್ಶನಕ್ಕೆ ಆರಿಸಿಕೊಂಡ ವಿಷಯ, ದೂರದಲ್ಲಿದ್ದು ಮನೆಯನ್ನು ನೆನೆಯುವುದು. ಜಾಗ ಮಾತ್ರ ಮತ್ತೆ ಆರ್ಸೆನಾಲೆಯೇ.