ಕಲ್ಲುಪ್ಪು ಹಾಕಿದರೆ ಕಡಲಾಗುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ಎರಡಡಿಯ ಅಕ್ವೇರಿಯಂ ಖಾಲಿ ಬಿದ್ದಿದೆ. ನಲ್ಲಿ ನೀರಿಗೆ ಕಲ್ಲುಪ್ಪು ಬೆರೆಸಿ ಸಮುದ್ರದ ನೀರು ಮಾಡಿಕೊಂಡು ಒಂದು ಜೋಡಿ ಕಡಲಕುದುರೆ ಸಾಕಬಹುದೇ? ಜೊತೆಗೆ ನಾಲ್ಕು ಹವಳ ಇಟ್ಟರೆ ಚೆನ್ನಾಗಿ ಕಾಣುತ್ತದಲ್ಲವೇ?

ಇದು ತಿಂಗಳಿಗೆ ಎರಡು ಸಲವಾದರೂ ನನ್ನ ಬಳಿ ಬರುವ ಪ್ರಶ್ನೆ. ಕೇಳುವವರು ಬೇರೆ, ಉಪ್ಪು ಬೇರೆ. ಕೆಲವರದು ಕಲ್ಲುಪ್ಪು, ಕೆಲವರದು ಸೈಂಧವ ಲವಣ, ಒಬ್ಬರದಂತೂ ಉಪ್ಪಿನಕಾಯಿಗೆಂದು ಊರಿನಿಂದ ತಂದಿಟ್ಟ ಐದು ಕಿಲೋ ಹರಳುಪ್ಪು. ನನ್ನ ಉತ್ತರ ಮಾತ್ರ ಎಂಟು ವರ್ಷಗಳಿಂದ ಒಂದೇ: ಆಗುವುದಿಲ್ಲ. ಇಷ್ಟೇ ಬರೆದು ಕಳುಹಿಸಿದರೆ ‘ಯಾಕೆ ಆಗುವುದಿಲ್ಲ, ನಮ್ಮ ಪಕ್ಕದ ಮನೆಯವರು ಮಾಡಿದ್ದಾರೆ’ ಎಂದು ಮರು ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಹೇಳುತ್ತೇನೆ.

ಮೊದಲು ಕಾನೂನು, ಏಕೆಂದರೆ ಅದನ್ನು ಎರಡು ಮಾತಿನಲ್ಲಿ ಮುಗಿಸಬಹುದು. ನೀವು ಭಾರತದಲ್ಲಿದ್ದರೆ ಕಡಲಕುದುರೆಯ ಆಸೆಯನ್ನು ಇಲ್ಲಿಗೇ ಬಿಡಿ. 2001ರಲ್ಲಿ ಅದರ ಇಡೀ ಕುಟುಂಬವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ದಿಬ್ಬ ಕಟ್ಟುವ ಕಲ್ಲುಹವಳಗಳಿಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಮಾರಾಟಗಾರ ‘ಏನೂ ಆಗುವುದಿಲ್ಲ ಸಾರ್’ ಎಂದು ಕವರಿಗೆ ಹಾಕಿ ಕೊಟ್ಟರೂ ಆ ಕವರು ನಿಮ್ಮ ಕೈಗೆ ಬಂದ ಮೇಲೆ ಅಪರಾಧ ನಿಮ್ಮದು. ಕಡಲ ಮೀನೇ ಬೇಕೆಂದರೆ ಕ್ಲೌನ್ ಮೀನು ನೋಡಿ. ಅದರ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಡಲಕುದುರೆ ಸಿಗುತ್ತದೆ. ನನ್ನ ನೆಲಮಾಳಿಗೆಯಲ್ಲಿರುವುದು ಹಿಪ್ಪೋಕ್ಯಾಂಪಸ್ ಇರೆಕ್ಟಸ್ ಎಂಬ ಜಾತಿ, ಇದೇ ಅಟ್ಲಾಂಟಿಕ್ ಕರಾವಳಿಯದು.

ಇನ್ನು ಉಪ್ಪು. ಕ್ಲೌನ್ ಮೀನಿಗೂ ಇದೇ ಮಾತು ಅನ್ವಯಿಸುವುದರಿಂದ ಯಾರೂ ಎದ್ದು ಹೋಗುವಂತಿಲ್ಲ.

ಕುಮಟಾ ಕಡೆಯವರಿಗೆ ಸಾಣಿಕಟ್ಟಾದ ಉಪ್ಪಿನಾಗರಗಳು ಗೊತ್ತಿರುತ್ತವೆ. ಅಘನಾಶಿನಿಯ ಅಳಿವೆಯಿಂದ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಮಡಿಯಿಂದ ಮಡಿಗೆ ಹಾಯಿಸುತ್ತ ಬಿಸಿಲಿಗೆ ಒಣಗಿಸುತ್ತಾರೆ. ಯಾವ ಉಪ್ಪಿನಾಗರವಾದರೂ ಅಲ್ಲಿ ನಡೆಯುವುದನ್ನು ಒಮ್ಮೆ ಸರಿಯಾಗಿ ಯೋಚಿಸಿದವರು ಈ ಪ್ರಶ್ನೆ ಕೇಳುವುದಿಲ್ಲ. ನೀರು ಆರುತ್ತ ಬಂದಂತೆ ಮೊದಲು ತಳಕ್ಕೆ ಕೂರುವುದು ಉಪ್ಪಲ್ಲ, ಸುಣ್ಣ. ಆಮೇಲೆ ಜಿಪ್ಸಂ. ಎರಡೂ ಕ್ಯಾಲ್ಸಿಯಂನವೇ. ಅಂದರೆ ಸಮುದ್ರದ ಕ್ಯಾಲ್ಸಿಯಂನ ಬಹುಪಾಲು ಹಿಂದಿನ ಮಡಿಗಳಲ್ಲೇ ಉಳಿಯಿತು. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ಉಪ್ಪು ಹರಳುಗಟ್ಟಲು ತೊಡಗುತ್ತದೆ. ಅದನ್ನು ಬಾಚಿ ಗುಡ್ಡೆ ಹಾಕುತ್ತಾರೆ. ಕೊನೆಗೆ ಉಳಿಯುವ ಕಹಿ ನೀರನ್ನು ಬಸಿದು ಹೊರಗೆ ಬಿಡುತ್ತಾರೆ. ಆ ಕಹಿ ಯಾವುದರದು? ಮೆಗ್ನೀಸಿಯಂನದು. ಪೊಟ್ಯಾಸಿಯಂ ಕೂಡ ಅದರೊಂದಿಗೇ ಹೋಗುತ್ತದೆ. ಮೊದಲು ಕೂತದ್ದನ್ನು ಅಲ್ಲೇ ಬಿಟ್ಟು, ಕೊನೆಗೆ ಉಳಿದದ್ದನ್ನು ಚೆಲ್ಲಿ, ನಡುವಿನದೊಂದನ್ನು ಮಾತ್ರ ಬಾಚಿಕೊಂಡದ್ದೇ ಕಲ್ಲುಪ್ಪು. ಅದು ಒಳ್ಳೆಯ ಉಪ್ಪಾದಷ್ಟೂ ಕಡಲಿನಿಂದ ದೂರ. ಬೆಣ್ಣೆಯನ್ನು ನೀರಿಗೆ ಕಲಸಿ ಹಾಲು ಮಾಡುತ್ತೇನೆಂದು ಯಾರಾದರೂ ಹೊರಟರೆ ನಗುತ್ತೀರಿ. ಇದೂ ಅದೇ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ನೂರಕ್ಕೆ 86 ಪಾಲು ಸೋಡಿಯಂ ಮತ್ತು ಕ್ಲೋರೈಡ್. ‘86 ಬಂದರೆ ಡಿಸ್ಟಿಂಕ್ಷನ್ ಅಲ್ಲವೇ?’ ಎಂದು ಒಬ್ಬರು ಕೇಳಿದ್ದರು. ಮೀನು ಸಾಯುವುದು ಉಳಿದ 14ರಲ್ಲಿ ಸ್ವಾಮಿ. ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400 ಚಿಲ್ಲರೆ ಕ್ಯಾಲ್ಸಿಯಂ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಂ, ಸಲ್ಫೇಟ್, ನೀರು ಹುಳಿಯಾಗದಂತೆ ತಡೆಯುವ ಬೈಕಾರ್ಬನೇಟ್, ಇವೆಲ್ಲ ಇರುವುದು ಆ 14ರಲ್ಲಿ. ಚಾಲೆಂಜರ್ ಎಂಬ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿ ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಉಪ್ಪಿನಂಶ ಅಲ್ಲಲ್ಲಿ ಹೆಚ್ಚುಕಡಿಮೆ ಇದ್ದರೂ ಮುಖ್ಯ ಲವಣಗಳ ನಡುವಿನ ಅನುಪಾತ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕಡಲ ಜೀವಿಗಳು ಒಗ್ಗಿಕೊಂಡಿರುವುದು ಆ ಅನುಪಾತಕ್ಕೆ, ನಾಲಿಗೆಗೆ ಹತ್ತುವ ಉಪ್ಪುರುಚಿಗಲ್ಲ.

ಮಾತು ನಂಬದ ನೆಂಟರೊಬ್ಬರು ಬಂದಿದ್ದಾಗ ಊಟದ ಮೇಜಿನ ಮೇಲೆ ಎರಡು ಲೋಟ ಇಟ್ಟೆ. ಒಂದರಲ್ಲಿ ರೀಫ್ ತೊಟ್ಟಿಗೆಂದೇ, ಅಂದರೆ ಹವಳ ಸಾಕುವ ತೊಟ್ಟಿಗೆಂದೇ ತಯಾರಾದ ಉಪ್ಪು, ಇನ್ನೊಂದರಲ್ಲಿ ಇಂಡಿಯನ್ ಅಂಗಡಿಯ ಕಲ್ಲುಪ್ಪು. ಎರಡಕ್ಕೂ ಒಂದೇ ಆರ್‌ಒ ನೀರು, ಒಂದೇ ತೂಕ. ಹೈಡ್ರೋಮೀಟರ್ ಎರಡರಲ್ಲೂ ಒಂದೇ ಗೆರೆಗೆ ತೇಲಿತು. ನೆಂಟರ ಮುಖ ಅರಳಿತು. ಆಮೇಲೆ ಕ್ಯಾಲ್ಸಿಯಂ ಪರೀಕ್ಷೆ. ಒಂದು ಹನಿ ಎಂದರೆ ಲೀಟರಿಗೆ 20 ಮಿಲಿಗ್ರಾಂ ಲೆಕ್ಕ, ಗುಲಾಬಿ ಬಣ್ಣ ನೀಲಿಗೆ ತಿರುಗುವವರೆಗೆ ಹನಿ ಎಣಿಸಬೇಕು. ಮೊದಲ ಲೋಟದ ನೀರು ಇಪ್ಪತ್ತೊಂದನೆಯ ಹನಿಗೆ ನೀಲಿಯಾಯಿತು, ಕಲ್ಲುಪ್ಪಿನದು ಮೂರನೆಯದಕ್ಕೆ. ಕ್ಷಾರೀಯತೆಯ, ಅಂದರೆ ಬೈಕಾರ್ಬನೇಟಿನ ಪರೀಕ್ಷೆಯಲ್ಲಿ ಕಲ್ಲುಪ್ಪಿನ ನೀರು ಮೊದಲ ಹನಿಗೇ ಸೋತಿತು. ಈ ಮೂಢನಂಬಿಕೆಯ ಒಂದು ಬೇರು ಆ ಹೈಡ್ರೋಮೀಟರೇ. ಅದು ನೀರಿನ ಭಾರ ಹೇಳುತ್ತದೆ, ನೀರಿನೊಳಗೆ ಏನಿದೆ ಎಂದು ಹೇಳುವುದಿಲ್ಲ. ಸಕ್ಕರೆ ಕರಗಿಸಿದರೂ ಅದು ತೇಲುತ್ತದೆ.

ಇನ್ನೊಂದು ಬೇರು ಸಿಹಿನೀರಿನ ಮೀನು ಸಾಕುವವರದು. ಗಪ್ಪಿಗೆ ಬಿಳಿ ಚುಕ್ಕೆ ರೋಗ ಬಂದರೆ ಲೀಟರಿಗೆ ಒಂದೆರಡು ಗ್ರಾಂ ಕಲ್ಲುಪ್ಪು ಹಾಕುವುದು ಹಳೆಯ ಮದ್ದು, ಒಳ್ಳೆಯ ಮದ್ದೂ ಹೌದು. ಆದರೆ ಜ್ವರಕ್ಕೆ ಕಷಾಯ ಕುಡಿದು ಗುಣವಾಯಿತೆಂದು ಕಷಾಯದಲ್ಲೇ ಸ್ನಾನ ಮಾಡಿ ಬದುಕುವುದುಂಟೇ?

‘ಅಯೋಡಿನ್ ಇಲ್ಲದ ಉಪ್ಪಾದರೆ ಆಗಬಹುದು’ ಎನ್ನುವ ಅರೆಪಂಡಿತರ ಮೇಲೆ ನನಗೆ ಹೆಚ್ಚು ಸಿಟ್ಟು. ಅಡುಗೆ ಉಪ್ಪಿನಲ್ಲಿರುವ ಅಯೋಡಿನ್ ಹತ್ತು ಲಕ್ಷಕ್ಕೆ ಹದಿನೈದು, ಮೂವತ್ತು ಪಾಲು. ಇಲ್ಲಿ ಕೊಲ್ಲುವುದು ಇರುವ ಅಯೋಡಿನ್ ಅಲ್ಲ, ಇಲ್ಲದ ಕ್ಯಾಲ್ಸಿಯಂ. ಸೈಂಧವದ 84 ಖನಿಜಗಳ ಮಾತೂ ಬೇಡ. ಅದೂ ನೂರಕ್ಕೆ 95ಕ್ಕಿಂತ ಹೆಚ್ಚು ಸೋಡಿಯಂ ಕ್ಲೋರೈಡೇ, ಬಣ್ಣ ಮಾತ್ರ ಬೇರೆ.

ಇದೆಲ್ಲ ಹೊಸ ವಿಷಯವೂ ಅಲ್ಲ. 1900ರ ಆಸುಪಾಸಿನಲ್ಲಿ ಜಾಕ್ ಲೋಬ್ ಎಂಬ ವಿಜ್ಞಾನಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಫಂಡ್ಯುಲಸ್ ಎಂಬ ಕಡಲಂಚಿನ ಮೀನಿನ ಮೊಟ್ಟೆಗಳನ್ನು ಬೇರೆ ಬೇರೆ ನೀರಿಗೆ ಹಾಕಿ ನೋಡಿದ. ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲೂ ಅವು ಬೆಳೆದವು. ಕಡಲಿನಷ್ಟೇ ಗಾಢವಾದ ಬರೀ ಉಪ್ಪುನೀರಿನಲ್ಲಿ ಸತ್ತವು. ಅದೇ ಉಪ್ಪುನೀರಿಗೆ ಚೂರು ಕ್ಯಾಲ್ಸಿಯಂ ಸೇರಿಸಿದಾಗ ಬದುಕಿದವು. ಏನೂ ಇಲ್ಲದ ನೀರಿಗಿಂತ ಒಂದೇ ಇರುವ ನೀರು ಹೆಚ್ಚು ವಿಷ ಎಂದಾಯಿತು. ಮೀನಿನ ಕಿವಿರಿನ ಪೊರೆ ಸೋರದಂತೆ ಬಿಗಿಯಾಗಿ ಹಿಡಿಯುವುದು ಕ್ಯಾಲ್ಸಿಯಂ. ಸಾಲದ್ದಕ್ಕೆ ಕಡಲ ಮೀನು ಸುತ್ತಲಿನ ಉಪ್ಪಿಗೆ ಮೈಯ ನೀರನ್ನು ಸದಾ ಕಳೆದುಕೊಳ್ಳುತ್ತಿರುತ್ತದೆ. ಆ ನಷ್ಟ ತುಂಬಲು ಅದು ತೊಟ್ಟಿಯ ನೀರನ್ನು ದಿನವಿಡೀ ಕುಡಿಯುತ್ತಲೇ ಇರಬೇಕು. ನೀವು ಕಲಸಿಟ್ಟದ್ದನ್ನು ಅದು ಬರೀ ಉಸಿರಾಡುವುದಿಲ್ಲ, ನುಂಗುತ್ತದೆ.

ಪಕ್ಕದ ಮನೆಯವರದು? ನಾಲ್ಕು ದಿನ ಬಿಟ್ಟು ಹೋಗಿ ನೋಡಿ.

ಹಾಗಾದರೆ ಮಲ್ಪೆಯಿಂದಲೋ ಪಣಂಬೂರಿನಿಂದಲೋ ಕ್ಯಾನಿನಲ್ಲಿ ಕಡಲ ನೀರನ್ನೇ ತರಬಹುದಲ್ಲ ಎನ್ನುವಿರಿ. ತರಬಹುದು, ಅನುಪಾತದ ಮಟ್ಟಿಗೆ ಸರಿ. ಆದರೆ ಮಳೆಗಾಲದಲ್ಲಿ ನದಿಗಳು ತುಂಬಿ ಬಂದು ದಡದ ನೀರನ್ನು ತೆಳುವಾಗಿಸುತ್ತವೆ, ಬಂದರಿನ ಬಳಿ ಡೀಸೆಲ್ ತೇಲುತ್ತಿರುತ್ತದೆ, ಪ್ರತಿ ವಾರ ಬದಲಿಸಲು ಘಟ್ಟ ಇಳಿದು ಹತ್ತುತ್ತ ಕೂರಲಾಗುವುದಿಲ್ಲ. ರೀಫ್ ಉಪ್ಪಿನ ಚೀಲ ಕೊಳ್ಳಿ, ನೂರು ಲೀಟರಿಗೆ ಮೂರೂವರೆ ಕಿಲೋಗಿಂತ ತುಸು ಹೆಚ್ಚು ಬೇಕು. ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆದು ಬಳಸಿ, ಎಷ್ಟೋ ಯಂತ್ರಗಳು ರುಚಿಗೆಂದು ಹಸಿ ನೀರನ್ನೇ ಸ್ವಲ್ಪ ಬೆರೆಸುತ್ತವೆ.

ಹವಳವೂ ಕಡಲಕುದುರೆಯೂ ಒಂದೇ ತೊಟ್ಟಿಯಲ್ಲಿ ಎನ್ನುವುದು ಪ್ರಶ್ನೆಯ ಬಾಲ. ಹವಳಕ್ಕೆ 25, 26 ಡಿಗ್ರಿ ಶಾಖ ಹಿತ. ನನ್ನ ಇರೆಕ್ಟಸ್‌ಗಳನ್ನು 22ರ ಮೇಲೆ ಬಿಡುವುದಿಲ್ಲ, ಬೆಚ್ಚಗಾದಷ್ಟೂ ರೋಗ ತರುವ ವಿಬ್ರಿಯೊ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸುತ್ತದೆ. ಹವಳಕ್ಕೆ ಜೋರು ಹರಿವು ಬೇಕು, ಪೋಷಕಾಂಶ ಕಡಿಮೆ ಇರಬೇಕು. ಕಡಲಕುದುರೆಗೆ ಹೊಟ್ಟೆಯೆಂಬ ಅಂಗವೇ ಇಲ್ಲ, ಹಲ್ಲೂ ಇಲ್ಲ. ತಿಂದದ್ದು ಅರೆಜೀರ್ಣವಾಗಿ ಹೊರಗೆ ಬೀಳುವುದರಿಂದ ದಿನಕ್ಕೆ ಎರಡು ಮೂರು ಸಲ ಮೈಸಿಸ್ ಸಿಗಡಿ ಉಣಿಸಬೇಕು, ಅಷ್ಟು ಸಲವೂ ನೀರು ಕೆಡುತ್ತದೆ. ಬಾಲ ಸುತ್ತಿ ಹಿಡಿದುಕೊಳ್ಳಲು ಅದಕ್ಕೆ ಏನಾದರೂ ಬೇಕು. ಕುಟುಕುವ ಹವಳವನ್ನೇ ಹಿಡಿದುಕೊಂಡು ಮೈ ಸುಟ್ಟುಕೊಂಡ ಒಂದನ್ನು ನಾನು ನೋಡಿದ್ದೇನೆ. ಎರಡು ಆಸೆಗೆ ಎರಡು ತೊಟ್ಟಿ. ಕುದುರೆಯದು ಅಗಲಕ್ಕಿಂತ ಎತ್ತರವಾಗಿರಲಿ.

ಇಷ್ಟೆಲ್ಲ ಬೈದ ಮೇಲೆ ಒಂದು ತಪ್ಪೊಪ್ಪಿಗೆ. ನನ್ನ ನೆಲಮಾಳಿಗೆಯಲ್ಲೂ ಒಂದು ಪ್ಯಾಕೆಟ್ ಕಲ್ಲುಪ್ಪು ಇದೆ. ಅದು ಕಡಲಕುದುರೆಗಲ್ಲ, ಅದರ ಮರಿಗಳ ಊಟಕ್ಕೆ. ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮೊಟ್ಟೆಗಳನ್ನು ಬಾಟಲಿಯಲ್ಲಿ ಉಪ್ಪುನೀರು ತುಂಬಿ, ಚಿಟಿಕೆ ಅಡುಗೆ ಸೋಡಾ ಹಾಕಿ, ಗಾಳಿಯ ಗುಳ್ಳೆ ಬಿಟ್ಟರೆ ಒಂದೇ ದಿನದಲ್ಲಿ ಒಡೆಯುತ್ತವೆ. ಮಾರುಕಟ್ಟೆಯ ಮೊಟ್ಟೆಗಳಲ್ಲಿ ಬಹಳಷ್ಟು ಬರುವುದು ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ. ಆ ಸರೋವರದಲ್ಲೂ ಸೋಡಿಯಂ ಕ್ಲೋರೈಡ್‌ದೇ ದರ್ಬಾರು, ಹಾಗಾಗಿ ಆರ್ಟೀಮಿಯಾಗೆ ಕಲ್ಲುಪ್ಪಿನ ನೀರು ತವರಿನ ಹಾಗೆ. ಯಾರೋ ಈ ಬಾಟಲಿಯನ್ನು ನೋಡಿಯೇ ಊರೆಲ್ಲ ಸುದ್ದಿ ಹಬ್ಬಿಸಿರಬೇಕು.

ಮರಿಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೆರುವುದು ಗಂಡು. ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ದಾಟಿಸಿ ತನ್ನ ಪಾಡಿಗೆ ಹೋಗುತ್ತದೆ. ಎರಡು ಮೂರು ವಾರ ಚೀಲದ ಬಾಯಿ ಮುಚ್ಚಿರುತ್ತದೆ. ಅದು ಬರೀ ಜೋಳಿಗೆ ಎಂದುಕೊಳ್ಳಬೇಡಿ. ಆರಂಭದಲ್ಲಿ ಒಳಗಿನ ದ್ರವದ ಉಪ್ಪು ಕಡಲಿಗಿಂತ ಕಡಿಮೆ, ಹೆರಿಗೆ ಹತ್ತಿರವಾದಂತೆ ಅಪ್ಪ ಅದನ್ನು ಹೊರಗಿನ ಕಡಲಿಗೆ ಸರಿಹೊಂದಿಸುತ್ತ ಬರುತ್ತಾನೆ. ಹೈಡ್ರೋಮೀಟರ್ ಇಲ್ಲ, ಟೆಸ್ಟ್ ಕಿಟ್ ಇಲ್ಲ.

ನಮ್ಮಲ್ಲಿ ಮೊದಲ ಹೆರಿಗೆ ಬೆಳಗಿನ ಜಾವ ಆಯಿತು. ಗಂಡು ತೊಟ್ಟಿಯ ಗಿಡವೊಂದಕ್ಕೆ ಬಾಲ ಸುತ್ತಿ, ಮೈ ಮುಂದಕ್ಕೆ ಬಾಗಿಸಿ ಬಾಗಿಸಿ ಚೀಲವನ್ನು ಹಿಂಡುತ್ತಿತ್ತು. ಒಂದೊಂದು ಬಾಗಿಗೂ ಹತ್ತಾರು ಮರಿಗಳು ಹೊಗೆಯ ಹಾಗೆ ಹೊರಗೆ ಚಿಮ್ಮುತ್ತಿದ್ದವು. ಒಂದೊಂದೂ ಸೆಂಟಿಮೀಟರಿಗಿಂತ ಚಿಕ್ಕದು, ಮೂತಿಯಿಂದ ಬಾಲದವರೆಗೆ ಪೂರ್ತಿ ಕುದುರೆ. ಇನ್ನೂರರವರೆಗೆ ಎಣಿಸಿ ಬಿಟ್ಟೆ. ಸಂಜೆಗೆ ಅವು ಉಣ್ಣಲು ತೊಡಗಿದಾಗ ಕಿವಿ ಕೊಟ್ಟು ಕೇಳಿದೆ. ದೊಡ್ಡವು ಸಿಗಡಿಯನ್ನು ಹೀರುವಾಗ ಚಿಟಿಕೆ ಹೊಡೆದಂತೆ ಟಿಕ್ ಎನ್ನುತ್ತವೆ, ಮರಿಗಳದು ಕೇಳಿಸಲಿಲ್ಲ. ಎರಡನೆಯ ದಿನ ಅರ್ಧದಷ್ಟು ನೀರಿನ ಮೇಲ್ಮೈಗೆ ಅಂಟಿಕೊಂಡವು. ಗಾಳಿ ನುಂಗಿದ ಮರಿ ಮತ್ತೆ ಕೆಳಗೆ ಇಳಿಯಲಾರದು, ಇದು ನನಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಮುಂದಿನ ಸಲ ನೀರು ನಿಧಾನವಾಗಿ ಗಿರಗಿರ ಸುತ್ತುವ ದುಂಡು ತೊಟ್ಟಿ ಮಾಡಿಕೊಂಡೆ. ಮೊದಲ ಹೆರಿಗೆಯಲ್ಲಿ ಉಳಿದದ್ದು ಹದಿನೇಳು.

ಆ ಎರಡು ತಿಂಗಳು ಮನೆಯಲ್ಲಿ ಯಾವ ಹೊತ್ತಿಗೂ ಮೂರು ಆರ್ಟೀಮಿಯಾ ಬಾಟಲಿಗಳು ಗುಳುಗುಳು ಎನ್ನುತ್ತಿದ್ದವು. ಒಡೆದು ಅರ್ಧ ದಿನ ಕಳೆದರೆ ಅದರ ಸತ್ವ ಇಳಿದುಹೋಗುತ್ತದೆ, ಹಾಗಾಗಿ ಒಂದರ ಹಿಂದೆ ಒಂದು ಸಿದ್ಧವಾಗುತ್ತಲೇ ಇರಬೇಕು. ನೆಲಮಾಳಿಗೆಯ ಕಲ್ಲುಪ್ಪು ಒಮ್ಮೆ ಮುಗಿದು ನಾನು ಅಡುಗೆಮನೆಯ ಡಬ್ಬಿಗೆ ಕೈ ಹಾಕಿದೆ. ಆ ವಾರದ ಮಾವಿನಕಾಯಿ ಉಪ್ಪಿನಕಾಯಿ ಹಾಗೆಯೇ ಮುಂದಕ್ಕೆ ಹೋಯಿತು. ಈಗ ಡಬ್ಬಿಯ ಮೇಲೆ ಹೆಂಡತಿಯ ಅಕ್ಷರದಲ್ಲಿ ಒಂದು ಚೀಟಿ ಇದೆ: ‘ಮೀನಿಗಲ್ಲ.’