ಆಲ್ಫರು: ನಾರ್ಸ್ ಪುರಾಣದಲ್ಲಿ ದೇವತೆಗಳ ನೆರೆಯವರು

ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮತ್ತು ಐಸ್‌ಲೆಂಡಿನ ಜನರು ಕ್ರೈಸ್ತ ಮತವನ್ನು ಸ್ವೀಕರಿಸುವುದಕ್ಕೆ ಮೊದಲು ನಂಬಿಕೊಂಡಿದ್ದ ದೈವಲೋಕದಲ್ಲಿ ಆಲ್ಫರು ಎಂಬ ಒಂದು ವರ್ಗವಿದೆ. ಇಂಗ್ಲಿಷಿನ ಮೂಲಕ ನಮಗೆ ಪರಿಚಿತರಾದ ಎಲ್ಫ್‌ಗಳು ಇವರೇ. ಆದರೆ ಇಂದಿನ ಮಕ್ಕಳ ಕಥೆಗಳ ಚೂಪುಗಿವಿಯ ಪುಟ್ಟ ಎಲ್ಫ್‌ಗಳಿಗೂ ಹಳೆಯ ನಾರ್ಸ್ ಕಾವ್ಯದ ಆಲ್ಫರಿಗೂ ಹೋಲಿಕೆ ತೀರಾ ಕಡಿಮೆ. ಅಲ್ಲಿ ಅವರು ಕುಬ್ಜರಲ್ಲ, ಚೇಷ್ಟೆಗಾರರಲ್ಲ, ದೇವತೆಗಳ ಆಳುಗಳೂ ಅಲ್ಲ. ದೇವತೆಗಳ ಜೊತೆಯಲ್ಲೇ ಹೆಸರಿಸಲು ಯೋಗ್ಯರಾದವರು. ಈ ಜೊತೆಗಾರಿಕೆಯ ಸ್ವರೂಪ ಏನು ಎಂಬುದೇ ಆಲ್ಫ ಎಂಬ ಪದವನ್ನು ತಿಳಿಯಲು ಮುಖ್ಯವಾದ ಪ್ರಶ್ನೆ.

ನಾರ್ಸ್ ದೇವತೆಗಳಲ್ಲಿ ಎರಡು ಕುಲಗಳಿವೆ. ಓಡಿನ್, ಥಾರ್ ಮೊದಲಾದವರದು ಈಸಿರ್ ಕುಲ. ನ್ಯೋರ್ಡ್ ಮತ್ತು ಅವನ ಮಕ್ಕಳಾದ ಫ್ರೇಯರ್, ಫ್ರೇಯಾ ಅವರದು ವಾನಿರ್ ಕುಲ. ಎರಡೂ ಕುಲಗಳು ಒಮ್ಮೆ ಯುದ್ಧ ಮಾಡಿ, ಬಳಿಕ ಒತ್ತೆಯಾಳುಗಳನ್ನು ಅದಲುಬದಲು ಮಾಡಿಕೊಂಡು ಸಂಧಿಗೆ ಬಂದವು. ಹದಿಮೂರನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ಎಡ್ಡಾ ಎಂಬ ಹಳೆಯ ಪುರಾಣಕಾವ್ಯಗಳಲ್ಲಿ ‘ಈಸಿರರು ಮತ್ತು ಆಲ್ಫರು’ ಎಂಬ ಜೋಡಿನುಡಿ ಮತ್ತೆ ಮತ್ತೆ ಬರುತ್ತದೆ. ಲೋಕಾಂತ್ಯ ಹತ್ತಿರವಾದಾಗ ಭವಿಷ್ಯ ನುಡಿಯುವವಳು ‘ಈಸಿರರ ಪಾಡೇನು, ಆಲ್ಫರ ಪಾಡೇನು’ ಎಂದು ಕೇಳುತ್ತಾಳೆ. ಥಾರ್ ನೆಲೆಸಿರುವ ನಾಡನ್ನು ವರ್ಣಿಸುವಾಗ ಅದು ಈಸಿರರಿಗೂ ಆಲ್ಫರಿಗೂ ಸಮೀಪದ ಪವಿತ್ರ ಭೂಮಿ ಎನ್ನಲಾಗಿದೆ.

ಇದು ಛಂದಸ್ಸಿನ ಅನುಕೂಲಕ್ಕೆ ಹುಟ್ಟಿದ ಜೋಡಿ ಇರಬಹುದೇ ಎಂಬ ಸಂದೇಹ ನ್ಯಾಯವಾದದ್ದೇ, ಏಕೆಂದರೆ ಆ ಕಾವ್ಯದ ಆದಿಪ್ರಾಸಕ್ಕೆ ಸ್ವರಾಕ್ಷರದಿಂದ ಶುರುವಾಗುವ ಯಾವ ಎರಡು ಪದಗಳೂ ಒದಗುತ್ತವೆ. ಆದರೆ ಇದೇ ಜೋಡಿ ಸಮುದ್ರದಾಚೆಯ ಇಂಗ್ಲೆಂಡಿನಲ್ಲೂ ಕಾಣಿಸಿಕೊಳ್ಳುತ್ತದೆ. ಅಲ್ಲಿನ ಹಳೆಯ ಮಂತ್ರವೊಂದು ಮೈಯಲ್ಲಿ ಥಟ್ಟನೆ ಏಳುವ ಚುಚ್ಚುನೋವನ್ನು ದೇವತೆಗಳೋ ಆಲ್ಫರೋ ಎಸೆದ ಬಾಣದ ಪೆಟ್ಟೆಂದು ಭಾವಿಸಿ ಅದನ್ನು ಹೊರಬರಿಸಲು ನೋಡುತ್ತದೆ. ಪದ್ಯದ ಹಂಗಿಲ್ಲದ ವ್ಯಕ್ತಿನಾಮಗಳ ಸಾಕ್ಷ್ಯ ಇನ್ನೂ ಗಟ್ಟಿಯಾದದ್ದು: ಆಸ್ವಾಲ್ಡ್ ಎಂಬ ಹೆಸರಿನ ಮೊದಲ ಭಾಗ ದೇವತೆಯನ್ನೂ, ಆಲ್ಫ್ರೆಡ್ ಎಂಬ ಹೆಸರಿನ ಮೊದಲ ಭಾಗ ಆಲ್ಫರನ್ನೂ ಸೂಚಿಸುತ್ತದೆ. ದೈತ್ಯರ ಹೆಸರನ್ನು ಯಾರೂ ಹೀಗೆ ಮಕ್ಕಳಿಗೆ ಇಡುತ್ತಿರಲಿಲ್ಲ. ಆದ್ದರಿಂದ ದೇವತೆಗಳು ಮತ್ತು ಆಲ್ಫರು ಒಂದು ಪಕ್ಷ, ದೈತ್ಯರು ಎದುರುಪಕ್ಷ ಎಂಬ ಎಣಿಕೆ ಐಸ್‌ಲೆಂಡಿನ ಕವಿಗಳ ಕಲ್ಪನೆಯಲ್ಲ, ಅದಕ್ಕಿಂತ ಬಹಳ ಹಳೆಯದು ಎನ್ನಬೇಕಾಗುತ್ತದೆ.

ವಿದ್ವಾಂಸರಲ್ಲಿ ಹೆಚ್ಚು ಚರ್ಚೆಗೆ ಒಳಗಾಗಿರುವುದು, ದೇವತೆಗಳ ನಡುವೆಯೇ ಇರುವ ಕುಯುಕ್ತಿಗಾರ ಲೋಕಿಯ ಜಗಳದ ಪ್ರಸಂಗ. ಸಮುದ್ರಾಧಿಪ ಈಗಿರ್ ದೇವತೆಗಳಿಗೆ ಔತಣ ನೀಡಿದ್ದಾನೆ. ಹೊರಗಿನಿಂದ ಬಂದ ಲೋಕಿಗೆ ಬಾಗಿಲಲ್ಲಿದ್ದ ಸೇವಕ, ಒಳಗಿರುವ ಈಸಿರರಲ್ಲಾಗಲಿ ಆಲ್ಫರಲ್ಲಾಗಲಿ ನಿನ್ನ ಬಗ್ಗೆ ಒಳ್ಳೆಯ ಮಾತಾಡುವವರು ಒಬ್ಬರೂ ಇಲ್ಲ ಎಂದು ಹೇಳುತ್ತಾನೆ. ಆದರೆ ಲೋಕಿ ಒಳಹೊಕ್ಕು ಒಬ್ಬೊಬ್ಬರನ್ನೇ ಹೀಯಾಳಿಸುತ್ತ ಹೋದಾಗ, ಆಲ್ಫನೆಂದು ಗುರುತಿಸಲ್ಪಟ್ಟ ಒಬ್ಬನೂ ಎದ್ದು ಉತ್ತರ ಕೊಡುವುದಿಲ್ಲ. ಅಲ್ಲಿರುವವರು ಈಸಿರರು, ಮತ್ತು ನ್ಯೋರ್ಡ್, ಫ್ರೇಯರ್, ಫ್ರೇಯಾ ಎಂಬ ವಾನಿರರು. ಹಾಗಾದರೆ ಆಲ್ಫರು ಎಂದರೆ ವಾನಿರರೇ ಇರಬೇಕು ಎಂದು ಕೆಲವರು ವಾದಿಸಿದ್ದಾರೆ. ಈ ವಾದ ಆಕರ್ಷಕವಾಗಿದ್ದರೂ ಪೂರ್ತಿ ಒಪ್ಪುವಂಥದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಫ್ರೇಯರನ ದೂತ ಸ್ಕೀರ್ನಿರ್ ದೈತ್ಯಕನ್ಯೆ ಗೆರ್ದಳ ಮನೆಗೆ ಹೋದಾಗ ಅವಳು, ನೀನು ಆಲ್ಫರವನೋ, ಈಸಿರರ ಮಗನೋ, ಜ್ಞಾನಿಗಳಾದ ವಾನಿರರವನೋ ಎಂದು ಮೂರು ಕುಲಗಳನ್ನು ಬೇರೆ ಬೇರೆಯಾಗಿಯೇ ಎಣಿಸಿ ಕೇಳುತ್ತಾಳೆ. ಆಲ್ವಿಸ್ ಎಂಬ ಕುಬ್ಜ ಥಾರ್‌ನ ಪ್ರಶ್ನೆಗಳಿಗೆ ಉತ್ತರಿಸುವ ಕಾವ್ಯದಲ್ಲೂ ಒಂದೊಂದು ಕುಲಕ್ಕೆ ಒಂದೊಂದು ನುಡಿ. ಸೂರ್ಯನನ್ನು ಆಲ್ಫರು ‘ಚೆಲುವ ಚಕ್ರ’ ಎಂದು ಕರೆಯುತ್ತಾರಂತೆ.

ಆದರೂ ವಾನಿರರ ಪೈಕಿ ಫ್ರೇಯರನಿಗೂ ಆಲ್ಫರಿಗೂ ವಿಶೇಷ ನಂಟಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅವನಿಗೆ ಎಳವೆಯಲ್ಲಿ ಮೊದಲ ಹಲ್ಲು ಮೂಡಿದಾಗ ದೇವತೆಗಳು ಉಡುಗೊರೆಯಾಗಿ ಕೊಟ್ಟದ್ದು ಆಲ್ಫ್‌ಹೈಮ್, ಅಂದರೆ ಆಲ್ಫರ ನಾಡು. ಇಷ್ಟನ್ನು ಹಿಡಿದು ಫ್ರೇಯರನನ್ನು ‘ಆಲ್ಫರ ರಾಜ’ ಎಂದು ಕರೆಯುವುದು ಇಂದು ರೂಢಿಯಾಗಿದೆ. ಹಳೆಯ ಕಾವ್ಯ ಮಾತ್ರ ನಾಡು ಅವನದಾಯಿತು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮಳೆ, ಬಿಸಿಲು, ಬೆಳೆ ಫ್ರೇಯರನ ಅಧೀನದಲ್ಲಿದ್ದವು. ಅವನು ಸತ್ತಾಗ ಸ್ವೀಡನ್ನಿನ ಜನರಿಗೆ ತಿಳಿಸದೆ ದೊಡ್ಡ ದಿಬ್ಬದೊಳಗೆ ಇರಿಸಿ, ದಿಬ್ಬದ ಮೂರು ಕಿಂಡಿಗಳ ಮೂಲಕ ಚಿನ್ನ, ಬೆಳ್ಳಿ, ತಾಮ್ರವನ್ನು ಕಾಣಿಕೆಯಾಗಿ ಸುರಿದರೆಂದೂ, ಅದರಿಂದ ಸುಭಿಕ್ಷ ಮುಂದುವರಿಯಿತೆಂದೂ ಒಂದು ಕಥೆಯಿದೆ. ನಾರ್ವೆಯಲ್ಲಿ ಓಲಾವ್ ಎಂಬ ರಾಜನಿಗೆ ಸತ್ತು ದಿಬ್ಬ ಸೇರಿದ ಮೇಲೆ ಬೆಳೆಗಾಗಿ ಬಲಿ ಕೊಟ್ಟು, ಅವನನ್ನು ‘ಗೈರ್‌ಸ್ಟಾಡಿನ ಆಲ್ಫ’ ಎಂದು ಕರೆದರು. ದಿಬ್ಬದಲ್ಲಿ ನೆಲೆಸಿ ನೆಲದ ಫಲ ಕಾಯುವ ಹಿರಿಯರು, ಆಲ್ಫರು, ಫ್ರೇಯರ್ ಇವರ ನಡುವಿನ ಗೆರೆ ಆ ಜನರ ಮನಸ್ಸಿನಲ್ಲಿ ಅಷ್ಟೇನೂ ಗಾಢವಾಗಿರಲಿಲ್ಲ.

ಬೆಳಕಿನ ಆಲ್ಫರು, ಕತ್ತಲ ಆಲ್ಫರು ಎಂಬ ವಿಂಗಡಣೆಯ ವಿಚಾರದಲ್ಲಿ ಎಚ್ಚರ ಬೇಕು. ಅದು ಬರುವುದು ಐಸ್‌ಲೆಂಡಿನ ಸ್ನೋರಿ ಸ್ಟರ್ಲುಸನ್ (1179–1241) ಗದ್ಯದಲ್ಲಿ ಬರೆದ ಎಡ್ಡಾದಲ್ಲಿ. ಬೆಳಕಿನವರು ಸೂರ್ಯನಿಗಿಂತ ಚೆಲುವರು, ಕತ್ತಲವರು ಡಾಂಬರಿಗಿಂತ ಕಪ್ಪು ಎಂದು ಅವನು ಬರೆಯುತ್ತಾನೆ. ಅವನೇ ಹೇಳುವ ಕಪ್ಪು ಆಲ್ಫರ ನಾಡಿನಲ್ಲಿ ವಾಸಿಸುವವರು ಕುಬ್ಜರು. ಐಸ್‌ಲೆಂಡ್ ಕ್ರೈಸ್ತವಾಗಿ ಎರಡು ಶತಮಾನಗಳ ಮೇಲೆ ಬರೆದ ಈ ಮಾತಿನಲ್ಲಿ ದೇವದೂತರು ಮತ್ತು ಪಿಶಾಚಿಗಳ ಛಾಯೆ ಕಾಣುವುದು ಸಹಜ.

ದೇವತೆ ಮತ್ತು ಆಲ್ಫರ ಸಂಬಂಧ ಪೂಜೆಯಲ್ಲಿ ಹೇಗಿತ್ತು ಎಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷ್ಯ ಒಂದಿದೆ. 1020ರ ಆಸುಪಾಸಿನಲ್ಲಿ ನಾರ್ವೆಯ ರಾಜನ ಆಸ್ಥಾನಕವಿ ಸಿಗ್ವಾತ್, ಕ್ರೈಸ್ತನಾಗಿದ್ದವನು, ಸ್ವೀಡನ್ನಿನ ಕಡೆಗೆ ಪ್ರಯಾಣ ಮಾಡುತ್ತ ಒಂದು ಒಕ್ಕಲುಮನೆಯಲ್ಲಿ ರಾತ್ರಿ ತಂಗಲು ಜಾಗ ಕೇಳಿದ. ಮನೆಯೊಡತಿ ಅವನನ್ನು ಒಳಗೆ ಬಿಡಲಿಲ್ಲ. ಒಳಗೆ ‘ಆಲ್ಫಬ್ಲೋತ್’, ಅಂದರೆ ಆಲ್ಫರಿಗೆ ಕೊಡುವ ಬಲಿ, ನಡೆಯುತ್ತಿದೆ ಎಂದಳು. ಹೊರಗಿನವನು ಕಾಲಿಟ್ಟರೆ ಓಡಿನ್ ಮುನಿದಾನು ಎಂಬ ಅಂಜಿಕೆ ತನಗಿದೆ ಎಂದೂ ಹೇಳಿದಳು. ಈ ಎರಡು ಮಾತುಗಳು ಒಬ್ಬಳೇ ಹೆಂಗಸಿನ ಬಾಯಿಂದ ಬಂದಿರುವುದು ಬಹಳ ಮುಖ್ಯ. ಬಲಿ ಆಲ್ಫರಿಗೆ ಸಲ್ಲುತ್ತಿತ್ತು, ಅದು ಕೆಟ್ಟರೆ ಸಿಟ್ಟಾಗುವವನು ದೇವತೆಗಳ ಒಡೆಯ. ಊರೆಲ್ಲ ಸೇರುವ ದೇವಸ್ಥಾನದ ಉತ್ಸವದಂತಲ್ಲದೆ ಬಾಗಿಲು ಮುಚ್ಚಿ ಮನೆಯವರಷ್ಟೇ ಮಾಡುವ ಈ ಆಚರಣೆಯೂ ದೇವತೆಗಳ ಕಣ್ಣಳತೆಯಲ್ಲೇ ನಡೆಯುತ್ತಿತ್ತು. ಹದಿಮೂರನೆಯ ಶತಮಾನದ ಒಂದು ಸಾಗಾ ಕಥನದಲ್ಲಿ, ಗಾಯ ಮಾಯದೆ ನರಳುವವನಿಗೆ ಕಣಿ ಹೇಳುವ ಹೆಂಗಸು ಸೂಚಿಸುವ ಉಪಾಯವೂ ಇಂಥದ್ದೇ: ಹತ್ತಿರದಲ್ಲೇ ಇರುವ ಆಲ್ಫರ ದಿಬ್ಬದ ಹೊರಮೈಗೆ ಹೋರಿಯ ನೆತ್ತರು ಬಳಿದು, ಅದರ ಮಾಂಸದಿಂದ ಆಲ್ಫರಿಗೆ ಔತಣ ಮಾಡಿಸಬೇಕು, ಆಗ ಗಾಯ ವಾಸಿಯಾಗುತ್ತದೆ.